ಚರ್ಚಿನ ಫುಡ್ ಪ್ಯಾಂಟ್ರಿಗೆ ನೆರವಾಗುವುದು ಹೇಗೆ: ಕೊಡುವ ಮುಂಚೆ ಕೇಳಿ, ಒಪ್ಪಿಕೊಂಡ ಮೇಲೆ ತಪ್ಪಿಸಬೇಡಿ

ಮೊದಲ ಸಲ ಚರ್ಚಿನ ಫುಡ್ ಪ್ಯಾಂಟ್ರಿಗೆ, ಅಂದರೆ ಕಷ್ಟದಲ್ಲಿರುವವರಿಗೆ ಪುಕ್ಕಟೆ ದಿನಸಿ ಹಂಚುವ ಜಾಗಕ್ಕೆ, ಹೋದಾಗ ನಾನು 20 ಪೌಂಡಿನ ಅಕ್ಕಿ ಮೂಟೆ ಹೊತ್ತುಕೊಂಡು ಹೋಗಿದ್ದೆ. ಪ್ಯಾಂಟ್ರಿ ನೋಡಿಕೊಳ್ಳುವ ಹಿರಿಯ ಹೆಂಗಸು ಸಂತೋಷದಿಂದಲೇ ಇಳಿಸಿಕೊಂಡರು. ಮೂರು ವಾರ ಬಿಟ್ಟು ಮತ್ತೆ ಹೋದಾಗಲೂ ಮೂಟೆ ಅದೇ ಮೂಲೆಯಲ್ಲಿತ್ತು. ಯಾಕೆಂದು ಕೇಳಿದೆ. ಮೂಟೆ ಬಿಚ್ಚಿ ಸಣ್ಣ ಚೀಲಗಳಿಗೆ ತುಂಬಬೇಕಾದರೆ ಕೈ ತೊಳೆಯಲು ಸಿಂಕು, ಗ್ಲೌಸು, ಆಹಾರ ತುಂಬಲು ತಕ್ಕ ಚೀಲ, ಪ್ರತಿ ಚೀಲಕ್ಕೂ ಲೇಬಲ್ಲು ಇರಬೇಕು. ಆ ನೆಲಮಾಳಿಗೆಯಲ್ಲಿ ಅದಕ್ಕೆ ಅನುಕೂಲ ಇರಲಿಲ್ಲ. ಇಡೀ ಮೂಟೆ ಒಯ್ಯುವಂಥ ದೊಡ್ಡ ಸಂಸಾರ, ಅದರಲ್ಲೂ ಕಾರು ಇರುವ ಸಂಸಾರ, ಬರುವ ತನಕ ಅದು ಅಲ್ಲೇ ಕಾಯಬೇಕಿತ್ತು. ಅದೇ ಅಕ್ಕಿಯನ್ನು 2 ಪೌಂಡಿನ ಹತ್ತು ಪ್ಯಾಕೆಟ್‌ಗಳಾಗಿ ಅಂಗಡಿಯಲ್ಲೇ ಕೊಂಡು ತಂದಿದ್ದರೆ ಅವತ್ತೇ ಹತ್ತು ಮನೆ ಸೇರುತ್ತಿತ್ತು. ಒಂದು ಫೋನು ಮಾಡಿದ್ದರೆ ಸಾಕಿತ್ತು.

ಅಮೆರಿಕದಲ್ಲಿರುವ ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಆದರೆ ನಮಗೆ ತೋಚಿದ್ದನ್ನು, ನಮಗೆ ಬಿಡುವಾದಾಗ ಕೊಟ್ಟುಬಿಡುತ್ತೇವೆ. ಪ್ಯಾಂಟ್ರಿ ನಡೆಯುವುದು ಅದರ ಲೆಕ್ಕದಲ್ಲಿ, ಅದರ ವಾರದಲ್ಲಿ. ಆ ಲೆಕ್ಕ ಗೊತ್ತಾದರೆ ನೀವು ಕೊಡುವ ಪ್ರತಿ ಡಾಲರೂ ಪ್ರತಿ ಗಂಟೆಯೂ ಎರಡರಷ್ಟು ಕೆಲಸಕ್ಕೆ ಬರುತ್ತದೆ. ಚರ್ಚು ಎಂದು ಬರೆಯುತ್ತಿದ್ದರೂ ಯಹೂದಿಗಳ ಸಿನಗಾಗ್, ಮಸೀದಿ, ಗುರುದ್ವಾರ, ದೇವಸ್ಥಾನ ನಡೆಸುವ ಪ್ಯಾಂಟ್ರಿಗಳಿಗೂ ಇಲ್ಲಿ ಹೇಳುವುದು ಹೆಚ್ಚುಕಡಿಮೆ ಹೊಂದುತ್ತದೆ.

ಬ್ಯಾಂಕು ಬೇರೆ, ಪ್ಯಾಂಟ್ರಿ ಬೇರೆ

ಫುಡ್ ಬ್ಯಾಂಕ್ ಎಂದರೆ ಗೋದಾಮು. ಫುಡ್ ಪ್ಯಾಂಟ್ರಿ ಎಂದರೆ ಜನ ಬಂದು ದಿನಸಿ ಒಯ್ಯುವ ಜಾಗ. ಒಂದು ಫುಡ್ ಬ್ಯಾಂಕ್ ಕೆಳಗೆ ನೂರಾರು ಪ್ಯಾಂಟ್ರಿಗಳಿರುತ್ತವೆ, ಅವುಗಳಲ್ಲಿ ಬಹಳಷ್ಟು ಚರ್ಚಿನ ನೆಲಮಾಳಿಗೆಯಲ್ಲೋ ಹಿಂಭಾಗದ ಹಾಲಿನಲ್ಲೋ ಸ್ವಯಂಸೇವಕರ ಕೈಯಲ್ಲೇ ನಡೆಯುತ್ತವೆ.

ಗೋದಾಮಿನ ಕಲ್ಪನೆ ಹುಟ್ಟಿದ್ದೂ ಚರ್ಚಿನ ನೆರಳಲ್ಲೇ. ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬುವರು ಬಡವರಿಗೆ ಊಟ ಹಾಕುವ ಅಡುಗೆಮನೆಯೊಂದರಲ್ಲಿ ಸೇವೆ ಮಾಡುತ್ತಿದ್ದರು. ಅಂಗಡಿಯ ಹಿಂದಿನ ಕಸದ ತೊಟ್ಟಿಯಿಂದ ಆಯ್ದು ತಂದ ಆಹಾರದಲ್ಲೇ ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು, ದುಡ್ಡು ಇಡಲು ಬ್ಯಾಂಕ್ ಇರುವ ಹಾಗೆ ಬಿಸಾಡುವ ಆಹಾರ ಇಡಲೂ ಒಂದು ಜಾಗ ಇರಬೇಕಿತ್ತು ಎಂದು ಅವರಿಗೆ ಹೇಳಿದಳಂತೆ. ಸೇಂಟ್ ಮೇರೀಸ್ ಚರ್ಚು ಒಂದು ಹಳೆಯ ಕಟ್ಟಡ ಮತ್ತು 3,000 ಡಾಲರ್ ಕೊಟ್ಟಿತು. 1967ರಲ್ಲಿ ಶುರುವಾದ ಆ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಜಗತ್ತಿನ ಮೊದಲನೆಯದು. ಈಗ ಫೀಡಿಂಗ್ ಅಮೆರಿಕ ಎಂಬ ಜಾಲದ ಅಡಿ ದೇಶದಲ್ಲಿ ಸುಮಾರು 200 ಫುಡ್ ಬ್ಯಾಂಕ್‌ಗಳಿವೆ.

ಈ ವ್ಯವಸ್ಥೆ ಗೊತ್ತಿದ್ದರೆ ಒಂದು ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಪ್ಯಾಂಟ್ರಿಗೆ ಗೋದಾಮಿನಿಂದ ಬಹಳ ಕಡಿಮೆ ದರಕ್ಕೆ, ಎಷ್ಟೋ ಸಲ ಪುಕ್ಕಟೆಯಾಗಿ, ಸಾಮಾನು ಸಿಗುತ್ತದೆ. ಗೋದಾಮಿನಲ್ಲಿ ಇಲ್ಲದ್ದಕ್ಕೆ ಮಾತ್ರ ಅದು ನಮ್ಮ ಕಡೆ ನೋಡುತ್ತದೆ. ಏನು ಇಲ್ಲ ಎಂಬುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿರುತ್ತದೆ.

ಮೊದಲ ಹೆಜ್ಜೆ: ಹುಡುಕಿ, ಫೋನು ಮಾಡಿ

ಹತ್ತಿರದ ಪ್ಯಾಂಟ್ರಿ ಗೊತ್ತಿಲ್ಲದಿದ್ದರೆ ಫೋನಿನಲ್ಲಿ 211 ಒತ್ತಿ. ದೇಶದ ಹೆಚ್ಚಿನ ಕಡೆ ಆ ನಂಬರು ಸ್ಥಳೀಯ ನೆರವಿನ ಮಾಹಿತಿ ಕೊಡುತ್ತದೆ. ಇಲ್ಲವೇ ನಿಮ್ಮ ಭಾಗದ ಫುಡ್ ಬ್ಯಾಂಕ್‌ಗೆ ಫೋನು ಮಾಡಿ, ನಮ್ಮ ಜಿಪ್ ಕೋಡಿನಲ್ಲಿ ಯಾವ ಪ್ಯಾಂಟ್ರಿಗೆ ಜನ ಸಾಲುತ್ತಿಲ್ಲ ಎಂದು ಕೇಳಿ. ಇದು ಇನ್ನೂ ಒಳ್ಳೆಯ ದಾರಿ, ಯಾಕೆಂದರೆ ಹೆಸರುವಾಸಿಯಾದ ಕಡೆಗೆ ಎಲ್ಲರೂ ಹೋಗಿರುತ್ತಾರೆ.

ದಿನಸಿ ಹಂಚುವ ಹೊತ್ತಿನಲ್ಲಿ ಫೋನು ಮಾಡಬೇಡಿ, ಆಗ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಫೋನು ಎತ್ತಿದವರನ್ನು ಇಷ್ಟು ಕೇಳಿಕೊಳ್ಳಿ:

- ಈಗ ಯಾವುದು ಖಾಲಿಯಾಗಿದೆ? ಯಾವುದು ಸಾಕುಸಾಕೆನ್ನುವಷ್ಟು ಇದೆ?
- ಯಾವ ದಿನ, ಎಷ್ಟು ಹೊತ್ತಿಗೆ ಸಾಮಾನು ತಂದರೆ ಇಳಿಸಿಕೊಳ್ಳಲು ಜನ ಇರುತ್ತಾರೆ?
- ಫ್ರಿಜ್, ಫ್ರೀಜರ್ ಇದೆಯೇ? ತರಕಾರಿ, ಹಾಲು, ಮೊಟ್ಟೆ ತರಬಹುದೇ?
- ಚೆಕ್ ಯಾರ ಹೆಸರಿಗೆ ಬರೆಯಬೇಕು?
- ಯಾವ ಕೆಲಸಕ್ಕೆ ಕೈ ಕಡಿಮೆ ಇದೆ? ಎಷ್ಟು ವಯಸ್ಸಿನ ಮಕ್ಕಳನ್ನು ಕರೆತರಬಹುದು?

ಬಾಗಿಲು ಹಾಕಿದ್ದಾಗ ಮೆಟ್ಟಿಲ ಮೇಲೆ ಚೀಲ ಇಟ್ಟು ಬರಬೇಡಿ. ಮಳೆ, ಬಿಸಿಲು, ಇಲಿ ಯಾವುದೂ ನಮ್ಮ ಒಳ್ಳೆಯ ಮನಸ್ಸನ್ನು ನೋಡುವುದಿಲ್ಲ. ಬೆಳಿಗ್ಗೆ ಬಂದವರು ಅದನ್ನು ಕಸಕ್ಕೆ ಹಾಕಿ, ಮೆಟ್ಟಿಲು ತೊಳೆದು, ಆಮೇಲೆ ಕೆಲಸ ಶುರು ಮಾಡಬೇಕಾಗುತ್ತದೆ.

ಎರಡನೆಯದು: ದುಡ್ಡು

ಸಾಮಾನಿಗಿಂತ ದುಡ್ಡು ಕೊಡಿ ಎಂದು ಪ್ಯಾಂಟ್ರಿಯವರು ಬಾಯಿಬಿಟ್ಟು ಹೇಳಲು ಸಂಕೋಚಪಡುತ್ತಾರೆ. ಅವರ ಪರವಾಗಿ ನಾನು ಹೇಳುತ್ತೇನೆ. ನಾವು ಅಂಗಡಿಯಲ್ಲಿ ಚಿಲ್ಲರೆ ಬೆಲೆಗೆ ಕೊಂಡದ್ದನ್ನು ಅವರು ಸಗಟಿನಲ್ಲಿ, ಗೋದಾಮಿನ ದರದಲ್ಲಿ ತರಬಲ್ಲರು. ಅದೂ ಅಲ್ಲದೆ ಫ್ರೀಜರಿನ ಕರೆಂಟು ಬಿಲ್ಲು, ವ್ಯಾನಿನ ಪೆಟ್ರೋಲು, ಚೀಲ, ಕೈಗಾಡಿಯ ಗಾಲಿ ಇವನ್ನೆಲ್ಲ ಯಾರೂ ಡಬ್ಬಿಯಲ್ಲಿ ತಂದು ಕೊಡಲಾಗುವುದಿಲ್ಲ. ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕೊಡುವುದಕ್ಕಿಂತ ಅದನ್ನೇ ಹನ್ನೆರಡು ಭಾಗ ಮಾಡಿ ತಿಂಗಳು ತಿಂಗಳು ತಾನಾಗಿ ಹೋಗುವ ಹಾಗೆ ಮಾಡಿದರೆ ಮುಂದಿನ ತಿಂಗಳು ಏನು ತರಿಸಬಹುದೆಂದು ಅವರು ಧೈರ್ಯವಾಗಿ ಲೆಕ್ಕ ಹಾಕಬಲ್ಲರು.

ಚರ್ಚು ನಡೆಸುವ ಪ್ಯಾಂಟ್ರಿಗೆ ಕೊಡುವಾಗ ಒಂದು ಸೂಕ್ಷ್ಮ ಇದೆ. ಚೆಕ್ ಸಾಮಾನ್ಯವಾಗಿ ಚರ್ಚಿನ ಹೆಸರಿಗೇ ಹೋಗುತ್ತದೆ. ಮೆಮೋ ಸಾಲಿನಲ್ಲಿ 'ಫುಡ್ ಪ್ಯಾಂಟ್ರಿ' ಎಂದು ಬರೆಯದಿದ್ದರೆ ಅದು ಚರ್ಚಿನ ಸಾಮಾನ್ಯ ನಿಧಿಗೆ ಸೇರಿ, ಚಾವಣಿ ರಿಪೇರಿಗೂ ಖರ್ಚಾಗಬಹುದು. ಅದರಲ್ಲಿ ಮೋಸವೇನೂ ಇಲ್ಲ, ನೀವು ಹೇಳಲಿಲ್ಲ ಅಷ್ಟೆ. ಆನ್‌ಲೈನಿನಲ್ಲಿ ಕೊಡುವಾಗಲೂ ಪ್ಯಾಂಟ್ರಿ ನಿಧಿಯನ್ನು ಆರಿಸಿದ್ದೀರಾ ಎಂದು ನೋಡಿಕೊಳ್ಳಿ.

ನಿಮ್ಮ ಕಂಪನಿ ನೌಕರರು ಕೊಟ್ಟಷ್ಟನ್ನೇ ತಾನೂ ಸೇರಿಸಿ ಕೊಡುವ ಮ್ಯಾಚಿಂಗ್ ಸೌಲಭ್ಯ ಇಟ್ಟಿದ್ದರೆ ಬಿಡಬೇಡಿ. ಆದರೆ ಧಾರ್ಮಿಕ ಸಂಸ್ಥೆಗಳಿಗೆ ಮ್ಯಾಚಿಂಗ್ ಇಲ್ಲ ಎನ್ನುವ ನಿಯಮ ಅನೇಕ ಕಂಪನಿಗಳಲ್ಲಿದೆ. ಅರ್ಜಿ ತಿರಸ್ಕೃತವಾದ ಕೂಡಲೇ ಕೈಬಿಡಬೇಡಿ, ಎರಡು ದಾರಿ ಇವೆ. ಕೆಲವು ಪ್ಯಾಂಟ್ರಿಗಳು ಚರ್ಚಿನ ಕಟ್ಟಡದಲ್ಲೇ ಇದ್ದರೂ ಬೇರೆಯೇ 501(ಸಿ)(3) ಸಂಸ್ಥೆಯಾಗಿ, ಅಂದರೆ ತೆರಿಗೆ ವಿನಾಯಿತಿ ಇರುವ ದತ್ತಿ ಸಂಸ್ಥೆಯಾಗಿ, ನೋಂದಣಿಯಾಗಿರುತ್ತವೆ, ತೆರಿಗೆ ಇಲಾಖೆ ಅವುಗಳಿಗೆ ಕೊಟ್ಟ ಇಐಎನ್ ನಂಬರೇ ಬೇರೆ. ಹಾಗಿಲ್ಲದಿದ್ದರೆ, ಜಾತಿ ಮತ ಕೇಳದೆ ಊರಿನ ಎಲ್ಲರಿಗೂ ತೆರೆದಿರುವ ಕಾರ್ಯಕ್ರಮ ಇದು ಎಂದು ಚರ್ಚಿನಿಂದ ಪತ್ರ ತಂದುಕೊಟ್ಟರೆ ಒಪ್ಪುವ ಕಂಪನಿಗಳಿವೆ. ಸ್ವಯಂಸೇವೆಯ ಗಂಟೆಗಳಿಗೂ ಇಂತಿಷ್ಟು ಎಂದು ಹಣ ಕೊಡುವ ಕಂಪನಿಗಳುಂಟು. ನೀವು ಮಾಡಿದ ಗಂಟೆಗಳನ್ನು ಬರೆದಿಟ್ಟುಕೊಳ್ಳಿ.

ತೆರಿಗೆಯ ಮಾತು ಚುಟುಕಾಗಿ. ಚರ್ಚುಗಳಿಗೆ ಕೊಟ್ಟ ಹಣಕ್ಕೆ ವಿನಾಯಿತಿ ಉಂಟು, ಅವು ಪ್ರತ್ಯೇಕ ಅರ್ಜಿ ಹಾಕಿಕೊಂಡಿರಬೇಕೆಂದಿಲ್ಲ. ಒಂದೇ ಸಲ 250 ಡಾಲರ್ ಅಥವಾ ಹೆಚ್ಚು ಕೊಟ್ಟರೆ ಅವರಿಂದ ಬರಹದಲ್ಲಿ ರಸೀದಿ ಬೇಕೇ ಬೇಕು. ನಿಮ್ಮ ಸಮಯಕ್ಕೆ ಬೆಲೆ ಕಟ್ಟಿ ವಿನಾಯಿತಿ ಕೇಳುವಂತಿಲ್ಲ. ಆದರೆ ಪ್ಯಾಂಟ್ರಿ ಕೆಲಸಕ್ಕೆ ನಿಮ್ಮ ಕಾರು ಓಡಿಸಿದ್ದರೆ ಮೈಲಿಗೆ 14 ಸೆಂಟ್ ಲೆಕ್ಕ ಹಾಕಬಹುದು. ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ತೋರಿಸುವವರಿಗೆ ಇದು ಅನ್ವಯ; ಹಾಗೆ ತೋರಿಸದವರಿಗೂ 2026ರ ತೆರಿಗೆ ವರ್ಷದಿಂದ ಕೊಟ್ಟ ಹಣಕ್ಕೆ ಒಂದು ಮಿತಿಯ ತನಕ ವಿನಾಯಿತಿ ಉಂಟು.

ಮೂರನೆಯದು: ಸಾಮಾನು

ಸಾಮಾನೇ ಕೊಡಬೇಕೆನ್ನುವವರು ಮೊದಲು ಒಯ್ಯುವವರ ಅಡುಗೆಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಕೆಲವರಿಗೆ ಅಡುಗೆಮನೆಯೇ ಇರುವುದಿಲ್ಲ, ಮೋಟೆಲ್ ಕೋಣೆಯಲ್ಲೋ ಕಾರಿನಲ್ಲೋ ಮಲಗುವವರು. ಅವರಿಗೆ ಬೆರಳಿನಿಂದಲೇ ಎಳೆದು ತೆಗೆಯಬಹುದಾದ ಮುಚ್ಚಳದ ಡಬ್ಬಿ, ನೀರು ಹಾಕದೆ ತಿನ್ನಬಹುದಾದ ಪದಾರ್ಥ ಬೇಕು. ಒಲೆ ಇರುವವರಿಗೂ ಎಣ್ಣೆ ಇಲ್ಲದೆ ಏನು ಮಾಡಲು ಬರುತ್ತದೆ? ಅಡುಗೆ ಎಣ್ಣೆ, ಉಪ್ಪು, ಸಾಂಬಾರ ಪದಾರ್ಥ ಇವನ್ನು ತರುವವರು ಕಡಿಮೆ. ಮೀನಿನ ಡಬ್ಬಿ, ಬೀನ್ಸ್ ಡಬ್ಬಿ, ಕಡಲೆಕಾಯಿ ಬೆಣ್ಣೆ ಇಂಥ ಪ್ರೋಟೀನ್ ಇರುವ ವಸ್ತುಗಳಿಗೆ ಸದಾ ಬೇಡಿಕೆ. ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರು ಬಹಳ ಜನ ಬರುವುದರಿಂದ ಉಪ್ಪು ಕಡಿಮೆ ಇರುವ ಡಬ್ಬಿ, ಸಕ್ಕರೆ ಪಾಕ ಹಾಕದ ಹಣ್ಣಿನ ಡಬ್ಬಿ ಕಂಡರೆ ಅದನ್ನೇ ಆರಿಸಿ.

ಆಹಾರವಲ್ಲದ ಸಾಮಾನುಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಕಡಿಮೆ ಆದಾಯದವರಿಗೆ ದಿನಸಿಗೆಂದು ಸರ್ಕಾರ ಕೊಡುವ ಸ್ನ್ಯಾಪ್ ಕಾರ್ಡಿನಲ್ಲಿ ಆಹಾರ ಮಾತ್ರ ಕೊಳ್ಳಬಹುದು. ಸೋಪು, ಟೂತ್‌ಪೇಸ್ಟ್, ಟಾಯ್ಲೆಟ್ ಪೇಪರ್, ಮಕ್ಕಳ ಡೈಪರ್, ಹೆಣ್ಣುಮಕ್ಕಳ ಪ್ಯಾಡು ಯಾವುದೂ ಅದರಲ್ಲಿ ಬರುವುದಿಲ್ಲ. ನಾನು ಚೆಕ್-ಔಟ್ ಮೇಜಿನಲ್ಲಿ ಕೂತಿದ್ದ ಒಂದು ಶನಿವಾರ, ಕಂಕುಳಲ್ಲಿ ಮಗು ಇಟ್ಟುಕೊಂಡಿದ್ದ ಹೆಣ್ಣುಮಗಳೊಬ್ಬಳು ಬ್ರೆಡ್ಡು, ಹಾಲು ಎಲ್ಲ ತುಂಬಿಸಿಕೊಂಡ ಮೇಲೂ ಹೊರಡದೆ ನಿಂತಳು. ಕೊನೆಗೆ ಬಹಳ ಮೆಲ್ಲಗೆ, ಡೈಪರ್ ಇದೆಯೇ ಎಂದು ಕೇಳಿದಳು. ಕಪಾಟಿನಲ್ಲಿ ಇದ್ದದ್ದು ಹಸುಗೂಸಿನ ಸೈಜು ಮಾತ್ರ. ಬಾಣಂತಿಗೆ ಉಡುಗೊರೆ ಕೊಟ್ಟು ಉಳಿದದ್ದನ್ನೇ ಎಲ್ಲರೂ ತಂದುಕೊಡುವುದರಿಂದ ಹೀಗಾಗುತ್ತದೆ. ಮಗು ವರ್ಷಗಟ್ಟಲೆ ಉಡುವುದು 4, 5, 6ನೇ ಸೈಜು.

ಡಬ್ಬಿಯನ್ನು ಕೊಡುವ ಮುಂಚೆ ಕೈಯಲ್ಲಿ ತಿರುಗಿಸಿ ನೋಡಿ. ಮೈಮೇಲೆ ಸ್ವಲ್ಪ ನೆಗ್ಗಿದ್ದರೆ ಪರವಾಗಿಲ್ಲ. ಬೆರಳು ಇಳಿಯುವಷ್ಟು ಆಳವಾಗಿ ನೆಗ್ಗಿದ್ದರೆ, ಮೇಲಿನ ಕೆಳಗಿನ ಅಂಚಿನಲ್ಲೋ ಪಕ್ಕದ ಬೆಸುಗೆಯಲ್ಲೋ ನೆಗ್ಗಿದ್ದರೆ, ಸೋರುತ್ತಿದ್ದರೆ, ಮುಚ್ಚಳ ಉಬ್ಬಿದ್ದರೆ ಕಸಕ್ಕೆ ಹಾಕಿ. ಉಬ್ಬಿದ ಡಬ್ಬಿಯಲ್ಲಿ ಬಾಟ್ಯುಲಿಸಂ ತರುವ ವಿಷ ಇರಬಹುದು, ಅದು ಜೀವ ತೆಗೆಯುವಂಥದ್ದು. ರುಚಿ ನೋಡಿ ಪರೀಕ್ಷಿಸಲು ಹೋಗಬೇಡಿ.

ತಾರೀಖಿನ ವಿಷಯದಲ್ಲಿ ಗೊಂದಲ ಹೆಚ್ಚು. ಶಿಶುಗಳ ಹಾಲಿನಪುಡಿ, ಅಂದರೆ ಇನ್‌ಫೆಂಟ್ ಫಾರ್ಮುಲಾ ಒಂದನ್ನು ಬಿಟ್ಟರೆ ಬೇರೆ ಆಹಾರಕ್ಕೆ ತಾರೀಖು ಹಾಕಲೇಬೇಕೆಂದು ಫೆಡರಲ್ ಕಾನೂನು ಹೇಳುವುದಿಲ್ಲ. 'ಬೆಸ್ಟ್ ಬೈ' ಎಂಬುದು ತಯಾರಕರು ರುಚಿ, ಗುಣಮಟ್ಟ ನೋಡಿ ಹಾಕಿದ ಅಂದಾಜು. ಆದ್ದರಿಂದ ಆ ತಾರೀಖು ದಾಟಿದ ಡಬ್ಬಿಗಳನ್ನೂ ಪ್ಯಾಂಟ್ರಿಗಳು ತಮ್ಮ ಪಟ್ಟಿಯ ಪ್ರಕಾರ ಇಂತಿಷ್ಟು ತಿಂಗಳು ಹಂಚುತ್ತವೆ. ಶಿಶುಗಳ ಫಾರ್ಮುಲಾ ಮಾತ್ರ ತಾರೀಖು ದಾಟಿದರೆ ಮುಟ್ಟುವಂತಿಲ್ಲ. ಇದು ಪ್ಯಾಂಟ್ರಿಯವರ ಲೆಕ್ಕ. ಮನೆಯಿಂದ ಒಯ್ಯುವ ನಾವು ಹಳೆಯದನ್ನು ಸಾಗಿಹಾಕುವ ಜಾಗ ಇದು ಎಂದುಕೊಳ್ಳಬಾರದು. ನಮ್ಮ ಮನೆಯ ಊಟದ ಮೇಜಿಗೆ ಇಡುವುದಿಲ್ಲ ಎನ್ನುವುದನ್ನು ಇನ್ನೊಬ್ಬರ ಚೀಲಕ್ಕೆ ಹಾಕಬೇಡಿ.

ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಚಟ್ನಿಪುಡಿ, ಸಿಹಿತಿಂಡಿ ಒಯ್ಯಬೇಡಿ. ಎಷ್ಟೇ ಮಡಿಯಿಂದ ಮಾಡಿದ್ದರೂ ಅವರು ತೆಗೆದುಕೊಳ್ಳುವಂತಿಲ್ಲ. ಒಳಗೇನಿದೆ ಎಂದು ಹೇಳುವ ಲೇಬಲ್ಲು ಅದರ ಮೇಲಿಲ್ಲ, ಕಡಲೆಕಾಯಿ ಅಲರ್ಜಿ ಇರುವ ಮಗುವಿಗೆ ಅದು ಅಪಾಯ. ಒಡೆದ ಪ್ಯಾಕೆಟ್, ಲೇಬಲ್ಲು ಕಿತ್ತ ಡಬ್ಬಿ, ಅರ್ಧ ಖಾಲಿಯಾದ ಬಾಟಲಿಗೂ ಇದೇ ನಿಯಮ. ಹಿತ್ತಲಲ್ಲಿ ಬೆಳೆದ ಟೊಮೇಟೊ, ಸೌತೆಕಾಯಿಯನ್ನು ಮಾತ್ರ ಬಹಳ ಪ್ಯಾಂಟ್ರಿಗಳು ಖುಷಿಯಿಂದ ತೆಗೆದುಕೊಳ್ಳುತ್ತವೆ. ಹಂಚುವ ದಿನ ಬೆಳಿಗ್ಗೆ ಕಿತ್ತು ಒಯ್ಯಿರಿ.

ನಾನು ಕೊಟ್ಟದ್ದನ್ನು ತಿಂದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಕೋರ್ಟಿಗೆ ಎಳೆಯುತ್ತಾರೇನೋ ಎಂಬ ಭಯ ಕೆಲವರಿಗಿದೆ. 1996ರ ಬಿಲ್ ಎಮರ್ಸನ್ ಗುಡ್ ಸಮಾರಿಟನ್ ಕಾಯ್ದೆ ಸದ್ಭಾವನೆಯಿಂದ ಆಹಾರ ದಾನ ಮಾಡಿದವರಿಗೂ ಅದನ್ನು ಹಂಚುವ ಸಂಸ್ಥೆಗೂ ರಕ್ಷಣೆ ಕೊಡುತ್ತದೆ. ಘೋರ ನಿರ್ಲಕ್ಷ್ಯ ಅಥವಾ ಬೇಕೆಂದೇ ಮಾಡಿದ ಕೆಡುಕು ಇದ್ದರೆ ಮಾತ್ರ ಆ ರಕ್ಷಣೆ ಸಿಗದು. ಹೋಟೆಲ್, ಬೇಕರಿ, ಕ್ಯಾಟರಿಂಗ್ ನಡೆಸುವ ಸ್ನೇಹಿತರಿದ್ದರೆ ಅವರಿಗೆ ಇದನ್ನು ತಿಳಿಸಿ.

ಕೊನೆಯದಾಗಿ, ಕಾಲ ನೋಡಿ ಕೊಡಿ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಹೊತ್ತಿಗೆ ಕಪಾಟುಗಳು ತುಂಬಿ ತುಳುಕುತ್ತವೆ. ಮೇ ತಿಂಗಳ ಎರಡನೇ ಶನಿವಾರ ಅಂಚೆಯವರು 1993ರಿಂದ ದೇಶದಾದ್ಯಂತ ನಡೆಸುತ್ತಿರುವ ಸಂಗ್ರಹವಿದೆ, ನೀವು ಅಂಚೆ ಡಬ್ಬದ ಪಕ್ಕ ಇಟ್ಟ ಚೀಲವನ್ನು ಅವರೇ ಒಯ್ಯುತ್ತಾರೆ. ಬೇಸಿಗೆ ರಜೆ ಶುರುವಾದರೆ ಶಾಲೆಯಲ್ಲಿ ಮಧ್ಯಾಹ್ನ ಉಣ್ಣುತ್ತಿದ್ದ ಮಕ್ಕಳು ಮನೆಯಲ್ಲೇ ಉಣ್ಣಬೇಕು, ಕೊಡುವವರೋ ಊರಿಗೆ ಹೋಗಿರುತ್ತಾರೆ. ಜುಲೈನಲ್ಲಿ ಕೊಟ್ಟ ಒಂದು ಚೀಲಕ್ಕೆ ಡಿಸೆಂಬರಿನ ಮೂರು ಚೀಲದ ತೂಕ ಎಂದು ನನ್ನ ಲೆಕ್ಕ.

ನಾಲ್ಕನೆಯದು: ಕೈಜೋಡಿಸುವುದು

ಹಂಚುವ ದಿನ ಎಲ್ಲರಿಗೂ ಬಾಗಿಲ ಬಳಿ ನಿಂತು ಚೀಲ ಕೊಡುವ ಕೆಲಸವೇ ಬೇಕು. ಆದರೆ ಕೈ ಸಾಲದಿರುವುದು ಬೇರೆ ಕಡೆ: ವಾರದ ಮಧ್ಯೆ ಬೆಳಿಗ್ಗೆ ಅಂಗಡಿಗಳಿಂದ ಮಿಕ್ಕ ಬ್ರೆಡ್ಡು, ತರಕಾರಿ ತರುವುದು, ಬಂದದ್ದನ್ನು ವಿಂಗಡಿಸುವುದು, ಫ್ರಿಜ್ ಒರೆಸುವುದು, ರಟ್ಟಿನ ಪೆಟ್ಟಿಗೆ ಮಡಚುವುದು, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದು, ಮನೆಯಿಂದ ಹೊರಬರಲಾಗದ ವೃದ್ಧರಿಗೆ ಚೀಲ ಮುಟ್ಟಿಸುವುದು. ನಿಮಗೆ ಹಿಂದಿ, ತೆಲುಗು, ಉರ್ದು, ಸ್ಪ್ಯಾನಿಷ್ ಬಂದರೆ ಮೊದಲೇ ಹೇಳಿ. ಭಾಷೆ ಬಾರದೆ ಮೌನವಾಗಿ ನಿಂತವರ ಮುಖ ತಮ್ಮ ಮಾತು ಕೇಳಿದ ಕೂಡಲೇ ಅರಳುವುದನ್ನು ನೀವೇ ನೋಡುತ್ತೀರಿ.

ತಿಂಗಳಿಗೆ ಒಂದೇ ಶನಿವಾರ ಆದರೂ ಸರಿ, ಅದೇ ಶನಿವಾರ ಹೋಗಿ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ. ಎಂಟು ಜನ ಬರುತ್ತಾರೆಂದು ನೆಚ್ಚಿ ನಾಲ್ವರು ಬಂದರೆ ಸಾಲಿನಲ್ಲಿ ನಿಂತವರು ಚಳಿಯಲ್ಲಿ ಇನ್ನೊಂದು ಗಂಟೆ ನಿಲ್ಲಬೇಕಾಗುತ್ತದೆ.

ಮೊದಲ ದಿನ ಕಲಿಯಬೇಕಾದದ್ದು ಸ್ವಲ್ಪವೇ. ಮುಚ್ಚಿದ ಶೂ ಹಾಕಿ. ಹಳೆಯದು ಮುಂದೆ, ಹೊಸದು ಹಿಂದೆ ಜೋಡಿಸಿ. ಆಹಾರವನ್ನು ನೆಲದ ಮೇಲೆ ಇಡಬೇಡಿ, ಕನಿಷ್ಠ 6 ಅಂಗುಲ ಎತ್ತರದಲ್ಲಿರಲಿ. ಫ್ರಿಜ್ 40 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಕೆಳಗೆ, ಫ್ರೀಜರ್ 0 ಡಿಗ್ರಿಯಲ್ಲಿರಬೇಕು. ಹಾಲು, ಮಾಂಸ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ಹಂಚುವಂತಿಲ್ಲ, ಸೆಕೆ 90 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಭಾರ ಎತ್ತಲು ಪ್ಯಾಂಟ್ರಿಗಳ ನೆಚ್ಚಿನ ವಸ್ತು ಬಾಳೆಹಣ್ಣಿನ ಪೆಟ್ಟಿಗೆ. 40 ಪೌಂಡ್ ಹಣ್ಣು ತಾಳುವಂತೆ ಮಾಡಿದ್ದು, ಎರಡೂ ಪಕ್ಕ ಕೈ ತೂರಿಸಲು ಕಿಂಡಿ ಇರುತ್ತದೆ. ಆದರೆ ತಳದಲ್ಲಿ ದೊಡ್ಡ ತೂತು ಇರುವುದರಿಂದ ಒಂದು ರಟ್ಟು ಹಾಸದೆ ಡಬ್ಬಿ ತುಂಬಿದರೆ ಎತ್ತಿದ ಕೂಡಲೇ ಕಾಲ ಮೇಲೆ ಸುರಿಯುತ್ತದೆ.

ಬಂದವರೊಡನೆ ನಡೆದುಕೊಳ್ಳುವುದು ಇದಕ್ಕಿಂತ ದೊಡ್ಡ ಪಾಠ. ಈಗ ಬಹಳ ಕಡೆ ಜನ ಅಂಗಡಿಯಲ್ಲಿ ಆರಿಸುವ ಹಾಗೆ ತಮಗೆ ಬೇಕಾದ್ದನ್ನು ತಾವೇ ಆರಿಸುತ್ತಾರೆ. ಯಾರಾದರೂ ಒಂದನ್ನು ಬೇಡವೆಂದು ವಾಪಸು ಇಟ್ಟರೆ ಮುಖ ಸಿಂಡರಿಸಬೇಡಿ, ಅದು ಬೇಕಾದ ಇನ್ನೊಬ್ಬರಿಗೆ ಉಳಿಯಿತು. ಒಳ್ಳೆಯ ಕಾರಿನಲ್ಲಿ ಬಂದರಲ್ಲ ಎಂದು ಲೆಕ್ಕ ಹಾಕಬೇಡಿ. ಕೆಲಸ ಹೋಗಿ ಎರಡು ತಿಂಗಳಾದವರ ಬಳಿ ಕಾರು ಇನ್ನೂ ಇರುತ್ತದೆ. ಫೋಟೋ ತೆಗೆಯಬೇಡಿ. ಮಕ್ಕಳ ಶಾಲೆಯ ಪರಿಚಯದವರು, ಆಫೀಸಿನವರು, ನಮ್ಮವರೇ ಯಾರಾದರೂ ಸಾಲಿನಲ್ಲಿ ಕಂಡರೆ ಅವರಾಗಿಯೇ ಮಾತಾಡಿಸುವ ತನಕ ಪರಿಚಯ ಎತ್ತಬೇಡಿ, ಮನೆಗೆ ಬಂದು ಹೆಸರು ಹೇಳಬೇಡಿ.

ಬೇರೆ ಧರ್ಮದವರ ಪ್ಯಾಂಟ್ರಿ ಎಂಬ ಅಳುಕು ಇರುವವರಿಗೆ ಒಂದು ಮಾತು. ಕೆಲಸ ಶುರುವಾಗುವ ಮುಂಚೆ ಸ್ವಯಂಸೇವಕರು ಸುತ್ತ ನಿಂತು ಪ್ರಾರ್ಥಿಸುವುದುಂಟು. ಸುಮ್ಮನೆ ನಿಂತರೆ ಸಾಕು, ನನ್ನನ್ನು ಯಾರೂ ಯಾವತ್ತೂ ಬಲವಂತ ಮಾಡಿಲ್ಲ. ಕೃಷಿ ಇಲಾಖೆಯ ಟೀಫ್ಯಾಪ್ ಯೋಜನೆಯ ಆಹಾರ ಹಂಚುವ ಕಡೆಯಂತೂ ಪ್ರಾರ್ಥಿಸಿದರೆ ಮಾತ್ರ ದಿನಸಿ ಎನ್ನುವಂತೆಯೇ ಇಲ್ಲ. ಅಂಥ ಕಡೆ ಜನರೊಡನೆ ವ್ಯವಹರಿಸುವ ಸ್ವಯಂಸೇವಕರಿಗೆ ವರ್ಷಕ್ಕೊಮ್ಮೆ ಭೇದಭಾವದ ವಿರುದ್ಧ ಸಣ್ಣ ತರಬೇತಿ ಇರುತ್ತದೆ, ತಪ್ಪಿಸಬೇಡಿ. ಮಾಂಸ ಮುಟ್ಟಲು ಮನಸ್ಸಾಗದವರು ಸಂಕೋಚಪಡದೆ ಮೊದಲೇ ಹೇಳಿದರೆ ತರಕಾರಿ ಮೇಜಿಗೋ ಬ್ರೆಡ್ಡಿನ ಕಪಾಟಿಗೋ ಹಾಕುತ್ತಾರೆ.

ಎಚ್-4 ವೀಸಾದಲ್ಲಿರುವವರು, ಅಂದರೆ ಎಚ್-1ಬಿಯಂಥ ಕೆಲಸದ ವೀಸಾದವರ ಜೊತೆ ಬಂದ ಹೆಂಡತಿಯೋ ಗಂಡನೋ, ಬರಬಹುದೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಬರಬಹುದು. ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸ ಅದಾಗಿರಬಾರದು, ಮಾಡಿದ್ದಕ್ಕೆ ಪ್ರತಿಯಾಗಿ ಹಣವಾಗಲಿ ಗಿಫ್ಟ್ ಕಾರ್ಡಾಗಲಿ ತೆಗೆದುಕೊಳ್ಳಬಾರದು. ಮನೆಯಲ್ಲೇ ಕೂತು ದಿನ ದೂಡುವುದು ಕಷ್ಟವಾಗಿದ್ದ ಹಲವರಿಗೆ ಈ ದೇಶದಲ್ಲಿ ಮೊದಲ ಗೆಳತಿಯರು ಸಿಕ್ಕಿದ್ದು ಪ್ಯಾಂಟ್ರಿಯ ವಿಂಗಡಣೆ ಮೇಜಿನ ಸುತ್ತ.

ಐದನೆಯದು: ನಾಲ್ಕು ಜನ ಸೇರಿ ಸಂಗ್ರಹಿಸುವುದಾದರೆ

ಅಪಾರ್ಟ್‌ಮೆಂಟಿನಲ್ಲೋ ಕನ್ನಡ ಕೂಟದ ಕಾರ್ಯಕ್ರಮದಲ್ಲೋ ಸಂಗ್ರಹ ಮಾಡುವವರು 'ಏನಾದರೂ ತನ್ನಿ' ಎನ್ನಬೇಡಿ. ಹಾಗೆಂದರೆ ಕಪಾಟಿನ ಹಿಂದೆ ಬಿದ್ದದ್ದೆಲ್ಲ ಬರುತ್ತದೆ, ಅದನ್ನು ವಿಂಗಡಿಸಲು ಪ್ಯಾಂಟ್ರಿಗೆ ಎರಡು ದಿನ ಬೇಕು. ಪ್ಯಾಂಟ್ರಿಯನ್ನು ಕೇಳಿ ಒಂದೇ ವಸ್ತು ಹೆಸರಿಸಿ: ಈ ಸಲ ಎಣ್ಣೆ ಮಾತ್ರ, ಮುಂದಿನ ಸಲ ಟೂತ್‌ಪೇಸ್ಟ್ ಮಾತ್ರ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಎಂದು ಸೇರಿಸಿ. ಒಯ್ಯುವ ಮುಂಚೆ ನೀವೇ ತಾರೀಖು ನೋಡಿ, ಎಣಿಸಿ, ಪೆಟ್ಟಿಗೆಯ ಮೇಲೆ ಬರೆಯಿರಿ.

1990ರಲ್ಲಿ ದಕ್ಷಿಣ ಕ್ಯಾರೊಲೈನಾದ ಕೊಲಂಬಿಯಾದಲ್ಲಿ ಪ್ರೆಸ್ಬಿಟೇರಿಯನ್ ಚರ್ಚೊಂದರ ಹುಡುಗ ಹುಡುಗಿಯರು ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯದ ಭಾನುವಾರ ಸೂಪಿನ ಪಾತ್ರೆ ಹಿಡಿದು ಚರ್ಚಿನ ಬಾಗಿಲಲ್ಲಿ ನಿಂತು, ಹಸಿದವರಿಗಾಗಿ ತಲೆಗೆ ಒಂದು ಡಾಲರ್ ಕೇಳಿದರು. ಅದು ಮುಂದೆ ದೇಶವ್ಯಾಪಿಯಾಯಿತು. ಕೇಳಿದ್ದು ಒಂದೇ ವಸ್ತು, ಎಲ್ಲರ ಕೈಗೆಟುಕುವಷ್ಟು. ನಿಮ್ಮ ಮಕ್ಕಳ ಕೈಗೂ ಒಂದು ಪಾತ್ರೆ ಕೊಡಬಹುದು.

ಸಾಮಾನು ಇಳಿಸಿದ ದಿನವೇ ಮುಂದಿನ ತಿಂಗಳಿಗೆ ಏನು ಬೇಕೆಂದು ಕೇಳಿಕೊಂಡು ಬನ್ನಿ. ಆ ಹಿರಿಯ ಹೆಂಗಸು ಈಗ ಪ್ರತಿ ತಿಂಗಳ ಮೊದಲ ಸೋಮವಾರ ನನಗೆ ಮೆಸೇಜು ಕಳಿಸುತ್ತಾರೆ. ಈ ತಿಂಗಳದು ಹೀಗಿತ್ತು: 5ನೇ ಸೈಜಿನ ಡೈಪರ್, ಅಡುಗೆ ಎಣ್ಣೆ, ಡಬ್ಬಿ ತೆರೆಯುವ ಕೈ ಓಪನರ್ ಹತ್ತು, ಮತ್ತೆ ಅಕ್ಕಿ, 2 ಪೌಂಡಿನದು.